ಹಾಲೆಂಡಿನಲ್ಲಿ ಒಂದು ‘ಆತು’

ಧಾರೇಶ್ವರ

ನಾನು ವಿಮಾನ ಹಾರಿಸುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕುಮಟೆಯ ಮೀನುಪೇಟೆಯಲ್ಲಿ ನನ್ನ ಅಮ್ಮ ವರ್ಷಗಟ್ಟಲೆ ಇದರ ವಿರುದ್ಧವೇ ಪ್ರಚಾರ ಮಾಡಿದ್ದಾಳೆ. ಮೇಲೆ ಯಾವುದೋ ವಿಮಾನ ಗುಂಯ್ ಎಂದರೆ ಸಾಕು, ತಕ್ಕಡಿ ಕೆಳಗಿಟ್ಟು, ನಮ್ಮ ನಾಗವೇಣಿ ಹೋದಳು ನೋಡಿ ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದಳು. ಅದೇ ಹೊತ್ತಿಗೆ ಆ ನಾಗವೇಣಿ ಮುಂಬಯಿಯ ಸರ್ಕಾರಿ ಆಫೀಸಿನಲ್ಲಿ ಕಿರುಗುಟ್ಟುವ ಫ್ಯಾನಿನ ಕೆಳಗೆ ಕೂತು ಫೈಲು ತಿರುವುತ್ತಿದ್ದಳು.

ನನ್ನ ಕೆಲಸವೇ ಅದು. ಪೈಲಟ್ಟುಗಳಿಗೆ ಏನು ಕಲಿಸಬೇಕು, ಅವರನ್ನು ಯಾರು ಪರೀಕ್ಷೆ ಮಾಡಬೇಕು, ಪರೀಕ್ಷೆ ಮಾಡುವವರನ್ನು ಯಾರು ನೋಡಿಕೊಳ್ಳಬೇಕು ಎಂಬ ನಿಯಮಗಳನ್ನು ಬರೆಯುವುದು, ಬರೆದದ್ದು ನಡೆಯುತ್ತಿದೆಯೇ ಎಂದು ನೋಡುವುದು. ಕುಮಟೆಯ ಕಾಲೇಜಿನಲ್ಲಿ ಫಿಸಿಕ್ಸು ಓದಿದವಳು ಇಲಾಖೆಯ ಪರೀಕ್ಷೆ ಬರೆದು ಇಲ್ಲಿಗೆ ಬಂದು ಬಿದ್ದಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು.

ಆ ವರ್ಷ ಒಂದು ವಿಚಾರಣೆಯಲ್ಲಿ ನಾನು ಕೂತಿದ್ದೆ. ವಿಮಾನವೊಂದು ಇಳಿಯುವಾಗ ರನ್‌ವೇ ದಾಟಿ ಕೆಸರಿನಲ್ಲಿ ಹೂತುಕೊಂಡಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ವೇಗ ಹೆಚ್ಚಾಗಿದೆ ಎಂಬುದನ್ನು ಪಕ್ಕದಲ್ಲಿ ಕೂತ ಕಿರಿಯ ಪೈಲಟ್ ನೋಡಿದ್ದ. ನೋಡಿಯೂ ಹೇಳಿರಲಿಲ್ಲ. ಯಾಕಪ್ಪಾ ಎಂದು ಕೇಳಿದರೆ, ಕ್ಯಾಪ್ಟನ್ ಸಾಹೇಬರಿಗೆ ನಾನು ಹೇಗೆ ಹೇಳುವುದು ಮೇಡಂ ಎಂದು ನನ್ನನ್ನೇ ಕೇಳಿದ. ಅವನ ಮುಖ ನೋಡುತ್ತಲೇ ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಮುಂದಿನ ಸಲವೂ ವಿಮಾನ ತಡೆಯಲು ಕೆಸರು ಇರುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಹಟ ಹಿಡಿದು ಒಂದು ಹೊಸ ನಿಯಮದ ಕರಡು ಬರೆದೆ. ಪೈಲಟ್ಟಿನ ಪರೀಕ್ಷೆಯಲ್ಲಿ ಕೈಯನ್ನಷ್ಟೇ ನೋಡಿದರೆ ಸಾಲದು, ಬಾಯಿ ಕಿವಿಗಳನ್ನೂ ನೋಡಬೇಕು. ತಪ್ಪು ಕಂಡರೆ ಕಿರಿಯವನು ಹೇಳಲೇಬೇಕು, ಹಿರಿಯವನು ಕೇಳಲೇಬೇಕು. ಎರಡು ಸಲ ಹೇಳಿಯೂ ಕೇಳದಿದ್ದರೆ ಕಿರಿಯವನೇ ಹಿಡಿಕೆ ಹಿಡಿಯಬೇಕು, ಹಿರಿಯವನು ಎಷ್ಟೇ ದೊಡ್ಡವನಾದರೂ ಫೇಲು. ಮೇಲಧಿಕಾರಿಗಳು ಓದಿ ತಲೆದೂಗಿದರು. ತಲೆದೂಗಲು ಸರ್ಕಾರಿ ಆಫೀಸಿನಲ್ಲಿ ಯಾರ ಮಂಜೂರಾತಿಯೂ ಬೇಕಿಲ್ಲ. ಆಮೇಲೆ ಹೇಳಿದರು: ಹಾಲೆಂಡಿನಲ್ಲಿ ಇಂಥದ್ದನ್ನೇ ಕಲಿಸುವ ಒಂದು ತರಬೇತಿ ಇದೆ, ಹೋಗಿ ನೋಡಿ ಬಾ. ಜೊತೆಗೆ ಪೈಲಟ್ಟುಗಳನ್ನು ಪರೀಕ್ಷೆ ಮಾಡುವ ಹಿರಿಯ ಕ್ಯಾಪ್ಟನ್ ಒಬ್ಬರು ಬರುತ್ತಾರೆ. ವರದಿಗೆ ಇಬ್ಬರ ಸಹಿಯೂ ಬಿದ್ದರೆ ನಿಯಮ ಬರುತ್ತದೆ. ಒಂದೇ ಬಿದ್ದರೆ ಫೈಲು ಕಪಾಟಿಗೆ ಹೋಗುತ್ತದೆ.

ಆ ಹಿರಿಯರು ಕ್ಯಾಪ್ಟನ್ ದೇವಿದಾಸ. ನನ್ನ ಕರಡಿಗೆ ‘ಬಾಯಿಬಡುಕರ ಕಾಯ್ದೆ’ ಎಂದು ಹೆಸರಿಟ್ಟು ಮುಂಬಯಿ ತುಂಬ ಹಂಚಿದವರೇ ಅವರು.

ಹೊರಡುವ ಮೊದಲು ಊರಿಗೆ, ಕುಮಟೆಯ ಪಕ್ಕದ ಧಾರೇಶ್ವರಕ್ಕೆ, ಬಂದೆ. ಪರದೇಶದಲ್ಲಿ ಉಣ್ಣಲು ಏನು ಸಿಗುತ್ತದೋ ಎಂದು ಅಮ್ಮ ಒಣ ಸೀಗಡಿ ಚಟ್ನಿಯನ್ನು ಒಂದು ಡಬ್ಬಿಯಲ್ಲಿ ಒತ್ತಿ ತುಂಬಿ, ಮೇಲೆ ಬಟ್ಟೆ ಕಟ್ಟಿ ಕೊಟ್ಟಳು. ವಾಸನೆ ಬರುವುದಿಲ್ಲ ಎಂದು ಆಣೆ ಮಾಡಿದಳು. ಮೀನುಪೇಟೆಯಲ್ಲಿ ಆಯುಷ್ಯ ಕಳೆದವಳ ಮೂಗನ್ನು ನಂಬಿದ್ದು ನನ್ನ ದಡ್ಡತನ.

ಮುಂಬಯಿಯಿಂದ ಆಮ್‌ಸ್ಟರ್‌ಡ್ಯಾಮ್

ಕ್ಯಾಪ್ಟನ್ ದೇವಿದಾಸ ಎಂದರೆ ಆರಡಿ ಎತ್ತರ, ಇಸ್ತ್ರಿ ಮಾಡಿದ ಹಾಗಿರುವ ಮೀಸೆ, ವಾಯುಸೇನೆಯಲ್ಲಿ ಕಲಿತ ಇಂಗ್ಲಿಷು. ವಿಮಾನದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಪೇಪರಿನ ಗೋಡೆ ಕಟ್ಟಿಕೊಂಡು ಕೂತರು. ಊಟದ ತಟ್ಟೆಯಲ್ಲಿ ಬಿಳಿಯದೊಂದು ನಡುಗುವ ವಸ್ತು ಬಂತು. ಇದೆಂತದು ಮಾರಾಯ್ರೆ ಎಂದು ನನ್ನಷ್ಟಕ್ಕೆ ಗೊಣಗಿದೆ. ಗೋಡೆ ಇಳಿಯಿತು.

“ನಿಮ್ದು ಯಾವ ಊರಾತು?”

ಧಾರೇಶ್ವರ ಎಂದೆ. ಅವರದು ಭಟ್ಕಳದ ಪಕ್ಕದ ಜಾಲಿ. ವಾಯುಸೇನೆಯ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಕೊಲ್ಲಿ ದೇಶಗಳನ್ನು ದಾಟುವುದರೊಳಗೆ ಅವರ ಅತ್ತೆಯನ್ನು ಕಾಯ್ಕಿಣಿಗೆ ಕೊಟ್ಟದ್ದು, ಆ ಅತ್ತೆಯ ಮನೆಗೆ ಹೊನ್ನಾವರದಲ್ಲಿರುವ ನನ್ನ ಚಿಕ್ಕಮ್ಮ ಮೀನು ಕೊಡುತ್ತಿದ್ದದ್ದು ಎಲ್ಲ ಹೊರಬಿತ್ತು. ಇನ್ನೇನು ಬೇಕು? ಅವರು ದೇವಿದಾಸಣ್ಣ ಆದರು, ನಾನು ‘ನೀನು’ ಆದೆ. ಸಂಬಂಧ ಗಟ್ಟಿಯಾಯಿತಲ್ಲ ಎಂದು ಮೆಲ್ಲಗೆ ನನ್ನ ಕರಡಿನ ಸುದ್ದಿ ತೆಗೆದೆ. ಅದೊಂದು ಬಿಟ್ಟು ಬೇರೆ ಎಂತ ಬೇಕಾದರೂ ಮಾತಾಡು ಎಂದು ಮತ್ತೆ ಪೇಪರು ಏರಿಸಿದರು.

ಆಮ್‌ಸ್ಟರ್‌ಡ್ಯಾಮಿನ ಕಸ್ಟಮ್ಸಿನವನು ನನ್ನ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಬಿಚ್ಚಿ ಎರಡು ಹೆಜ್ಜೆ ಹಿಂದೆ ಹೋದ. ಇದು ಯಾವಾಗ ಸತ್ತದ್ದು ಎಂದು ಕೇಳಿದ. ದೇವಿದಾಸಣ್ಣನ ಕಡೆ ನೋಡಿದೆ. ಅವರು ಈ ಹೆಂಗಸನ್ನು ಕಂಡೇ ಗೊತ್ತಿಲ್ಲ ಎಂಬಂತೆ ಗೋಡೆಯ ಮೇಲಿನ ಹೂವಿನ ಚಿತ್ರವನ್ನು ಅಭ್ಯಾಸ ಮಾಡುತ್ತಿದ್ದರು. ಒಳಗಿನಿಂದ ವಯಸ್ಸಾದ ಅಧಿಕಾರಿಯೊಬ್ಬ ಬಂದ. ಮೂಸಿದ. ಕಿರುಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿದ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು, ಕಣ್ಣಲ್ಲಿ ನೀರು ಬಂತು, ಮತ್ತೆ ಒಂದು ಸಲ ಬೆರಳು ಹಾಕಿದ. ಮುಚ್ಚಳ ಹಾಕಿ, ಹೋಗಿ ತಾಯಿ ಎಂಬಂತೆ ಕೈ ಮಾಡಿದ. ನನ್ನ ಗುರುತೇ ಇಲ್ಲದ ಕ್ಯಾಪ್ಟನ್ ಸಾಹೇಬರು ಅದೇ ಸಂಜೆ ಅರ್ಧ ಡಬ್ಬಿ ಖಾಲಿ ಮಾಡಿದರು.

ಒಂದೇ ಬಿಸ್ಕೀಟಿನ ಊರು

ತರಬೇತಿ ಇದ್ದದ್ದು ಆಮ್‌ಸ್ಟರ್‌ಡ್ಯಾಮಿನ ಹೊರಗಿನ ಸಣ್ಣ ಊರಿನಲ್ಲಿ. ವಿಧವೆಯೊಬ್ಬರ ಮನೆಯಲ್ಲಿ ಎರಡು ಕೋಣೆ ಗೊತ್ತುಮಾಡಿದ್ದರು. ಆ ದೇಶದಲ್ಲಿ ಕಾಫಿ ಕೊಡುವಾಗ ಬಿಸ್ಕೀಟಿನ ಡಬ್ಬಿ ತೆರೆಯುತ್ತಾರೆ. ನೀವು ಒಂದು ತೆಗೆದುಕೊಳ್ಳುತ್ತೀರಿ. ಡಬ್ಬಿ ಮುಚ್ಚುತ್ತದೆ. ನಮ್ಮ ಕಡೆಯಲ್ಲಾದರೆ ಬೇಡ ಬೇಡ ಎನ್ನುತ್ತಾ ಆರು ತಿನ್ನಬೇಕು, ಇಲ್ಲದಿದ್ದರೆ ಮನೆಯವರಿಗೆ ಬೇಜಾರು. ದೇವಿದಾಸಣ್ಣ ಮೊದಲ ದಿನ ಮರ್ಯಾದೆಗೆಂದು ಬೇಡ ಎಂದರು. ಮನೆಯೊಡತಿ ಸರಿ ಎಂದು ಡಬ್ಬಿ ಮುಚ್ಚಿಟ್ಟು ಹೋದರು. ದೇವಿದಾಸಣ್ಣನ ಕೈ ಗಾಳಿಯಲ್ಲೇ ಉಳಿಯಿತು.

ಮನೆಯೊಡತಿಗೆ ಮನಸ್ಸಿನಲ್ಲೊಂದು ಬಾಯಲ್ಲೊಂದು ಎಂಬುದೇ ಗೊತ್ತಿಲ್ಲ. ನೀವು ಸ್ನಾನಕ್ಕೆ ತುಂಬ ಹೊತ್ತು ತೆಗೆದುಕೊಳ್ಳುತ್ತೀರಿ, ಸ್ನಾನದಲ್ಲಿ ಹಾಡುತ್ತೀರಿ, ಹಾಡು ಚೆನ್ನಾಗಿಲ್ಲ ಎಂದು ಬೆಳಗಿನ ತಿಂಡಿಯ ಹೊತ್ತಿಗೆ ಕ್ಯಾಪ್ಟನ್ನರಿಗೆ ಹೇಳಿಬಿಟ್ಟರು. ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ; ಮಳೆ ಬರುತ್ತಿದೆ ಎಂದ ಹಾಗೆ. ಮೂವತ್ತು ವರ್ಷದಲ್ಲಿ ದೇವಿದಾಸಣ್ಣನಿಗೆ ಯಾರೂ ಹೀಗೆ ಹೇಳಿರಲಿಕ್ಕಿಲ್ಲ. ಚಮಚ ಹಿಡಿದುಕೊಂಡೇ ಕೂತರು. ನನಗೆ ನಗು ತಡೆಯಲಾಗದೆ ಬಚ್ಚಲಿಗೆ ಓಡಿದೆ.

ತರಬೇತಿ ಕೇಂದ್ರದಲ್ಲೂ ಅದೇ ಕತೆ. ಹೆಂಕ್ ಎಂಬ ಮಾಜಿ ಪೈಲಟ್ ನಮ್ಮ ಮೇಷ್ಟ್ರು. ಅವನು ಹಲಗೆಯ ಮೇಲೆ ಏನೋ ಬರೆಯುತ್ತಿದ್ದಾಗ, ಯಂತ್ರ ರಿಪೇರಿಗೆ ಬಂದಿದ್ದ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು, ನೀವು ಬರೆದದ್ದು ತಪ್ಪು ಎಂದಳು. ಎಲ್ಲಿ ಎಂದು ಹೆಂಕ್ ಕೇಳಿದ. ತೋರಿಸಿದಳು. ಹೌದಲ್ಲ ಎಂದು ಒರೆಸಿದ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದರು. ನಾನು ದೇವಿದಾಸಣ್ಣನ ಮುಖ ನೋಡಿದೆ. ಅವರು ಬಹಳ ಗಮನವಿಟ್ಟು ತಮ್ಮ ಸೂಪನ್ನು ನೋಡುತ್ತಿದ್ದರು.

ನಮ್ಮ ಕರಾವಳಿಯಲ್ಲಿ ‘ಇಲ್ಲ’ ಎಂದು ಯಾರಾದರೂ ಮುಖಕ್ಕೆ ಹೇಳಿದ್ದುಂಟಾ? ದೋಣಿ ಕೊಡ್ತೀಯಾ ಎಂದರೆ ‘ನೋಡುವಾ’. ಮಗಳನ್ನು ಕೊಡ್ತೀರಾ ಎಂದರೆ ‘ನೋಡುವಾ’. ಕೇಳಿದವನು ಅಷ್ಟರಲ್ಲೇ ತಿಳಿದುಕೊಂಡು ಬೇರೆ ಮನೆ ಹುಡುಕಬೇಕು. ಎಷ್ಟು ನಾಜೂಕು, ಯಾರಿಗೂ ನೋವಿಲ್ಲ. ಹೆಂಕ್‌ಗೆ ಇದನ್ನು ವಿವರಿಸಿದೆ. ಆಮೇಲೆ ನೋಡುತ್ತಾರಾ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಹಾಗೆ ಯಾಕೆ ಹೇಳುವುದು ಎಂದ. ಅವನಿಗೆ ತಲೆ ಬುಡ ಅರ್ಥವಾಗಲಿಲ್ಲ.

ಇನ್ನೊಂದು ಸಂಗತಿ. ಆ ಜನ ಬೀದಿಬದಿಯಲ್ಲಿ ನಿಂತು ಹಸಿಮೀನನ್ನು ಬಾಲ ಹಿಡಿದೆತ್ತಿ, ತಲೆ ಹಿಂದಕ್ಕೆ ಬಗ್ಗಿಸಿ, ಈರುಳ್ಳಿ ಸಮೇತ ಹಾಗೇ ನುಂಗುತ್ತಾರೆ. ಮೂರು ತಲೆಮಾರು ಮೀನು ವ್ಯಾಪಾರ ಮಾಡಿದ ಮನೆಯ ದೇವಿದಾಸಣ್ಣ, ಇವರಿಗೆ ಒಲೆಗೆ ಸೌದೆ ಇಲ್ಲವಾ ಎಂದು ಮುಖ ತಿರುಗಿಸಿದರು. ನಾನು ತಿಂದೆ. ಬಂಗಡೆಯ ದೂರದ ನೆಂಟ, ರುಚಿ ಅಡ್ಡಿಯಿಲ್ಲ. ಊರಿಗೆ ಬಂದ ಮೇಲೆ ಅಮ್ಮನಿಗೆ ಹೇಳಿದಾಗ ಮಾತ್ರ ಅವಳು ಒಂದು ದಿನ ನನ್ನ ಲೋಟವನ್ನು ಬೇರೆ ಇಟ್ಟಳು.

ಡಬ್ಬಿಯೊಳಗಿನ ವಿಮಾನ

ಎರಡನೆಯ ವಾರದ ಕೊನೆಗೆ ನಮ್ಮನ್ನು ಸಿಮ್ಯುಲೇಟರಿಗೆ ಹತ್ತಿಸಿದರು. ನೆಲ ಬಿಡದೆ ಹಾರಾಟ ಕಲಿಸುವ, ಉಕ್ಕಿನ ಕಾಲುಗಳ ಮೇಲೆ ಏಳುವ ಬೀಳುವ ದೊಡ್ಡ ಡಬ್ಬಿ. ಒಳಗೆ ಮಾತ್ರ ವಿಮಾನದ ಮೂತಿ ಹೇಗಿರುತ್ತದೋ ಹಾಗೆಯೇ. ಅದೇ ಗಡಿಯಾರಗಳು, ಅದೇ ಹಿಡಿಕೆಗಳು, ಕಿಟಕಿಯಾಚೆ ರನ್‌ವೇಯ ದೀಪಗಳ ಚಿತ್ರ. ಮುಂಬಯಿಯಲ್ಲೂ ಇಂಥದ್ದು ಇದೆ. ಹೊರಗಿನಿಂದ ಬೇಕಾದಷ್ಟು ಸಲ ನೋಡಿದ್ದೆ. ಇಲ್ಲಿಯ ಪದ್ಧತಿಯೇ ಬೇರೆ: ನಿಯಮ ಬರೆಯುವವರು ಕಿರಿಯ ಪೈಲಟ್ಟಿನ ಸೀಟಿನಲ್ಲಿ ಕೂತು ನೋಡಬೇಕು. ಎಡಕ್ಕೆ ದೇವಿದಾಸಣ್ಣ, ಬಲಕ್ಕೆ ನಾನು. ಕೈಯಲ್ಲಿರುವ ಪಟ್ಟಿಯನ್ನು ಓದುವುದು, ಅವರು ಹೇಳಿದ ಹಿಡಿಕೆಯನ್ನು ಎಳೆಯುವುದು, ಇಷ್ಟೇ ನನ್ನ ಕೆಲಸ. ಹಿಂದೆ ಕೂತ ಹೆಂಕ್ ಗುಂಡಿ ಒತ್ತಿ ನಮಗೆ ಬೇಕಾದ ಕಷ್ಟ ಕೊಡಬಹುದು. ಶನಿದೇವರಿಗೂ ಇಷ್ಟು ಅನುಕೂಲ ಇರಲಿಕ್ಕಿಲ್ಲ.

ಮೇಲೆ ಇರುವವರೆಗೆ ಇಬ್ಬರದೂ ಚಂದದ ಇಂಗ್ಲಿಷು. ಇಳಿಯಲು ತಿರುಗಿದ್ದೇ ತಡ, ಹೆಂಕ್ ಅಡ್ಡಗಾಳಿ ಬಿಟ್ಟ. ಡಬ್ಬಿ ಮಳೆಗಾಲದ ದೋಣಿಯಂತೆ ಹೊಯ್ದಾಡಿತು. ಇಂಗ್ಲಿಷು ಎಲ್ಲಿ ಹೋಯಿತೋ ಗೊತ್ತಿಲ್ಲ. ಪಟ್ಟಿಯಲ್ಲಿ ಮುಂದಿನದು ಗಾಲಿ ಇಳಿಸುವುದು. “ಗಾಲಿ, ಅಣ್ಣಾ?” ಎಂದೆ.

“ಆತು,” ಎಂದರು.

ನಾನು ಮುಂದಿನ ಸಾಲಿಗೆ ಹೋದೆ. ಅಷ್ಟರಲ್ಲಿ ಎಂಜಿನ್ನಿಗೆ ಬೆಂಕಿ ಬಿದ್ದ ಗಂಟೆ ಬಡಿಯಿತು. ಅವರ ಎರಡು ಕೈಗಳಿಗೂ ಕೆಲಸ. ಆ ಗಲಾಟೆಯಲ್ಲೂ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು: ಗಾಲಿ ಇಳಿದಿದ್ದರೆ ಹತ್ತಬೇಕಾದ ಹಸಿರು ದೀಪಗಳು ಹತ್ತಿರಲಿಲ್ಲ. ಬಾಯಿ ಬಿಡಬೇಕೆಂದು ನಿಯಮ ಬರೆದವಳು ನಾನೇ ಅಲ್ಲವಾ, ಬಿಟ್ಟೆ. ಗಾಲಿ ಆತಾ ಅಣ್ಣಾ ಎಂದು ಕೇಳಿದೆ. ತಿರುಗಿ ಸಹ ನೋಡದೆ “ಆತಾತು” ಎಂದರು. ರನ್‌ವೇ ಬಂತು. ಇಳಿದೆವು, ಹೊಟ್ಟೆಯ ಮೇಲೆ. ಡಬ್ಬಿ ಕೆಟ್ಟದಾಗಿ ಕಿರುಚಿ, ಓರೆಯಾಗಿ ನಿಂತಿತು. ಕಿಟಕಿಯ ದೀಪಗಳೆಲ್ಲ ಆರಿದವು.

ನೀನು ಗಾಲಿ ಇಳಿಸಲಿಲ್ಲವಾ ಎಂದು ಅವರು ಕೇಳಿದರು. ನೀವೇ ಆತು ಅಂದಿರಲ್ಲ ಎಂದು ನಾನು ಕೇಳಿದೆ. ಮಾಮೂಲಿಯಾಗಿ ಎಚ್ಚರಿಸುವ ಕಹಳೆಯೊಂದು ಇರುತ್ತದೆ. ಹೆಂಕ್ ಅದು ಕೆಟ್ಟಿದೆ ಎಂಬ ಲೆಕ್ಕದಲ್ಲಿ ಮೊದಲೇ ಬಾಯಿ ಮುಚ್ಚಿಸಿದ್ದ.

ಹೊರಗೆ ಬಂದ ಮೇಲೆ ಟೇಪು ಹಾಕಿದ. ನಮ್ಮಿಬ್ಬರ ದನಿ ಹಾಲೆಂಡಿನ ಕೋಣೆಯಲ್ಲಿ ಕುಮಟೆ ಬಸ್‌ಸ್ಟ್ಯಾಂಡಿನ ಹಾಗೆ ಕೇಳಿಸಿತು. ಪದೇ ಪದೇ ಬರುವ ಈ ‘ಆತು’ ಎಂದರೇನು ಎಂದು ಕೇಳಿದ. ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಒಬ್ಬರದು ಒಬ್ಬರು ನೋಡದೆ ಅರ್ಥ ಬರೆಯಿರಿ ಎಂದ. ನಾನು ‘ಮುಗಿಯಿತು’ ಎಂದು ಬರೆದೆ. ದೇವಿದಾಸಣ್ಣ ‘ಸರಿ, ಮಾಡು’ ಎಂದು ಬರೆದಿದ್ದರು.

ಇಬ್ಬರದೂ ಸರಿ. ಊಟ ಆತು ಎಂದರೆ ಮುಗಿಯಿತು. ನಾಳೆ ಬತ್ತೆ ಎಂದಾಗ ಆತು ಎಂದರೆ ಬಾ, ಅಡ್ಡಿಯಿಲ್ಲ. ಅವರು ನನಗೆ ಅಪ್ಪಣೆ ಕೊಟ್ಟಿದ್ದರು, ನಾನು ಅವರೇ ಇಳಿಸಿದರೆಂಬ ವರದಿ ಎಂದು ತಿಳಿದಿದ್ದೆ. ಗಾಲಿಯನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಎರಡನೆಯ ಸಲ ಅಂದ ‘ಆತಾತು’? ಅದಕ್ಕೆ ಚೀಟಿ ಬೇಕಾಗಲಿಲ್ಲ. ತಲೆ ತಿನ್ನಬೇಡ ಎಂದು ಅದರ ಅರ್ಥ. ಭಟ್ಕಳದಿಂದ ಕುಮಟೆಯವರೆಗೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ.

ಇದು ಭಾಷೆಯ ತಪ್ಪು, ಇಂಗ್ಲಿಷಿನಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ದೇವಿದಾಸಣ್ಣ ಗುಡುಗಿದರು. ಹೆಂಕ್ ತಣ್ಣಗೆ ಹೇಳಿದ: ನಮ್ಮ ‘ಓಕೆ’ಯೂ ನಿಮ್ಮ ಆತುವಿನ ಅಣ್ಣನೇ. ಅದಕ್ಕೇ ಇಲ್ಲಿ ಗಾಲಿ ಕೇಳಿದರೆ ಸರಿ, ಆಯಿತು, ಓಕೆ ಯಾವುದೂ ನಡೆಯುವುದಿಲ್ಲ. ‘ಗಾಲಿ ಇಳಿದಿದೆ, ಹಸಿರು ದೀಪ ಹತ್ತಿದೆ’ ಎನ್ನಬೇಕು. ಮೊದಲ ಸಲದ್ದು ಪದದ ತಪ್ಪು, ಸರಿ. ಅವಳು ಎರಡನೆಯ ಸಲ ಕೇಳಿದಳಲ್ಲ, ಅದು ಯಾವ ಭಾಷೆಯ ತಪ್ಪು?

ದೇವಿದಾಸಣ್ಣ ಆ ಸಂಜೆ ಊಟಕ್ಕೆ ಇಳಿಯಲಿಲ್ಲ. ನಿಮ್ಮ ಗೆಳೆಯರಿಗೆ ಸಿಟ್ಟು ಬಂದಿದೆ ಎಂದು ಮನೆಯೊಡತಿ ಮೆಟ್ಟಿಲಿಗೆ ಕೇಳುವ ಹಾಗೆ ಹೇಳಿದರು.

ಒಡ್ಡಿನ ಮೇಲೆ

ಹಾಲೆಂಡೆಂದರೆ ಕುಮಟೆಯ ಗಜನಿ ಗದ್ದೆಗಳನ್ನೇ ಎಳೆದು ದೇಶ ಮಾಡಿದ್ದು. ಉಪ್ಪುನೀರು ನುಗ್ಗದಂತೆ ಒಡ್ಡು, ಒಡ್ಡಿನ ಕೆಳಗೆ ಬೆಳೆ, ನೀರು ಬಿಡಲು ಬಾಗಿಲು. ನಮ್ಮಲ್ಲಿ ಏಡಿ ತೂತು ಮಾಡುತ್ತದೆ, ಇಲ್ಲಿ ಮೊಲವಂತೆ. ಅಷ್ಟೇ ಫರಕು. ಹೊರಡುವ ಹಿಂದಿನ ದಿನ ಊರಾಚೆಯ ಒಡ್ಡಿನ ಮೇಲೆ ಇಬ್ಬರೂ ನಡೆದೆವು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಅದಕ್ಕಿಂತ ಕೆಳಗೆ ದನ ಮೇಯುತ್ತಿದ್ದವು. ವರದಿ ಟೈಪಾಗಿ ನನ್ನ ಚೀಲದಲ್ಲಿತ್ತು, ನನ್ನದೊಂದೇ ಸಹಿಯೊಡನೆ.

ಬೇರೆ ದಾರಿಯಿಲ್ಲದೆ ಕೇಳಿಯೇ ಬಿಟ್ಟೆ. ಸಹಿ ಹಾಕುತ್ತೀರಾ? ಸಮುದ್ರದ ಕಡೆ ನೋಡುತ್ತಾ “ನೋಡುವಾ” ಎಂದರು.

ಅಂದರೆ ಇಲ್ಲ. ವಿಚಾರಣೆಯಲ್ಲಿ ಕಂಡ ಆ ಕಿರಿಯ ಪೈಲಟ್ಟಿನ ಮುಖ ಕಣ್ಣೆದುರು ಬಂತು. ಎರಡು ವಾರ ಮನೆಯೊಡತಿಯ ಜೊತೆ ಇದ್ದ ಪ್ರಭಾವವೋ ಏನೋ, “ನೋಡುವಾ ಬೇಡ ಅಣ್ಣಾ,” ಎಂದೆ. “ಹಾಕೂದಿಲ್ಲ ಅಂದ್ರೆ ಹಾಕೂದಿಲ್ಲ ಹೇಳಿ. ಎಂತಕ್ಕೆ ಅಂತ ಸಹ ಹೇಳಿ.”

ಅವರು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಎಷ್ಟು ವರ್ಷದಿಂದ ಹುಡುಗರನ್ನು ಪರೀಕ್ಷೆ ಮಾಡಿ ಪಾಸು ಮಾಡಿದ್ದೇನೆ, ನಿನ್ನ ನಿಯಮ ಸರಿ ಎಂದರೆ ನಾನು ಇಷ್ಟು ದಿನ ನೋಡಿದ್ದೆಲ್ಲ ಅರ್ಧ ಎಂದು ಒಪ್ಪಿದ ಹಾಗಲ್ಲವಾ ಎಂದರು. ಸ್ವಲ್ಪ ದೂರ ನಡೆದ ಮೇಲೆ ದನಿ ತಗ್ಗಿತು.

“ನನ್ನ ಪಕ್ಕದಲ್ಲಿ ಕೂತು ಯಾರಾದ್ರೂ ನಂಗೆ ಇದು ತಪ್ಪು ಅಂದ್ರಾ ಅಂತ ನಿನ್ನೆಯಿಂದ ನೆನಪು ಮಾಡ್ತಿದ್ದೆ. ಒಬ್ರೂ ಇಲ್ಲ. ನಾ ತಪ್ಪೇ ಮಾಡ್ಲಿಲ್ಲ ಅಂದ್ಕಂಡಿದ್ದೆ.”

ನನಗೆ ಅವರ ಮೇಲೆ ಆ ಕ್ಷಣಕ್ಕೆ ಹುಟ್ಟಿದ ಪ್ರೀತಿಯನ್ನು ಏನೆಂದು ಹೇಳಲಿ? ಅಪ್ಪನ ವಯಸ್ಸಿನವರು, ಅಷ್ಟು ದೊಡ್ಡ ಮೀಸೆ, ಗಾಳಿಗೆ ಅದೂ ಅಂಕೆ ತಪ್ಪಿ ಹಾರುತ್ತಿತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಪೆನ್ನು ಕೇಳಿದರು. ಸಹಿ ಹಾಕುವ ಮುನ್ನ ಒಂದು ಕರಾರು: ಮೊದಲ ಪರೀಕ್ಷೆ ತಮಗೇ ಆಗಬೇಕು. ತಾವು ಪಾಸಾದರೆ ಉಳಿದ ಮುದುಕರೆಲ್ಲ ಬಾಯಿ ಮುಚ್ಚಿಕೊಂಡು ಒಪ್ಪುತ್ತಾರೆ. ಪಾಸಾಗುತ್ತೇನೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ, ನನಗೂ ಇರಲಿಲ್ಲ.

ಮತ್ತೆ ಧಾರೇಶ್ವರ

ನಿಯಮ ಬಂತು. ಸರ್ಕಾರದ ಲೆಕ್ಕದಲ್ಲಿ ಬೇಗವೇ ಬಂತು, ಮರುವರ್ಷ. ಅಮ್ಮನ ಕಣ್ಣಿನ ಆಪರೇಶನ್ನಿಗೆಂದು ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ಕುಮಟೆ ಕಡೆಯಿಂದ ಬಂದ ಬಸ್ಸಿನಿಂದ ದೇವಿದಾಸಣ್ಣ ಇಳಿದು ಮನೆ ಕೇಳಿಕೊಂಡು ಬಂದರು. ಅಮ್ಮ ಪಟ್ಟಿ ಕಟ್ಟಿದ ಕಣ್ಣಲ್ಲೇ ಮೀನು ಬಡಿಸಿದಳು. ನೀವು ಸಹ ನಾಗವೇಣಿ ಹಾಗೇ ವಿಮಾನ ಓಡಿಸುವವರಾ ಎಂದು ಕೇಳಿದಳು. ಸದ್ಯಕ್ಕೆ ಇಲ್ಲ ಎಂದರು.

ಉಂಡು ಕೈ ತೊಳೆದ ಮೇಲೆ ಜಗುಲಿಯಲ್ಲಿ ಕೂತು ಹೇಳಿದರು. ಮುಂಬಯಿಯ ಸಿಮ್ಯುಲೇಟರಿನಲ್ಲಿ ಅವರ ಪರೀಕ್ಷೆ ನಡೆದಿತ್ತು. ಪಕ್ಕದಲ್ಲಿ ಒಬ್ಬ ಹೊಸ ಹುಡುಗ, ಹಿಂದೆ ಪರೀಕ್ಷಕನಾಗಿ ಅವರದೇ ಶಿಷ್ಯ. ತೀರಾ ಕೆಳಗೆ ಬಂದಿದ್ದೇವೆ ಸರ್ ಎಂದು ಹುಡುಗ ಹೇಳಿದ. ಇವರು ಕೇಳಲಿಲ್ಲ. ಮತ್ತೆ ಹೇಳಿದ. ಸುಮ್ಮನೆ ಕೂತುಕೊ ಎಂದು ಗದರಿದರು. ಮೂರನೆಯ ಸಲ ಅವನು ಹೇಳಲಿಲ್ಲ. ನಿಯಮದಲ್ಲಿ ಬರೆದ ಹಾಗೆ ತಾನೇ ಹಿಡಿಕೆ ಹಿಡಿದು ವಿಮಾನ ಮೇಲೆತ್ತಿದ. ಶಿಷ್ಯ ಫೇಲು ಎಂದು ಬರೆದ. ಹೊಸದಾಗಿ ತರಬೇತಿ ಆಗುವವರೆಗೆ ಕ್ಯಾಪ್ಟನ್ ದೇವಿದಾಸ ಹಾರುವಂತಿಲ್ಲ, ಯಾರನ್ನೂ ಪರೀಕ್ಷೆ ಮಾಡುವಂತಿಲ್ಲ.

ಆ ಕಾಗದಕ್ಕೆ ನನ್ನ ಸಹಿ ಬಿದ್ದರೆ ಮಾತ್ರ ಅದು ಜಾರಿ. ನಮ್ಮ ಸಾಹೇಬರು ಅದನ್ನು ಡ್ರಾಯರಿನಲ್ಲಿಟ್ಟು, ನಾಗವೇಣಿ ಬರಲಿ ಎಂದಿದ್ದರಂತೆ. ಇಷ್ಟು ದೊಡ್ಡವರನ್ನು ಫೇಲು ಮಾಡಿದರೆ ಹೇಗೆ, ಇದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಂದು ಸಲ ಮೆಲ್ಲಗೆ ಮಾಡಿಬಿಡೋಣ ಎಂದೂ ಹೇಳಿದ್ದರಂತೆ. ದೇವಿದಾಸಣ್ಣ ಕಾಗದವನ್ನು ಕಾಡಿ ಬೇಡಿ ಇಸಿದುಕೊಂಡು, ಮುಂಬಯಿಯಿಂದ ಬಸ್ಸು ಹತ್ತಿ ಬಂದಿದ್ದರು.

ಈಗ ಹೇಳುತ್ತೇನೆ, ನನ್ನ ಕೈ ಏಳಲಿಲ್ಲ. ಅವರನ್ನು ಮುಂಬಯಿಯಲ್ಲಿ ಹೇಗೆ ಆಡಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರಿಲ್ಲದಿದ್ದರೆ ನಿಯಮವೇ ಇರುತ್ತಿರಲಿಲ್ಲ. ಸಾಹೇಬರು ಹೇಳಿದ ಹಾಗೇ ಇನ್ನೊಂದು ಸಲ ಮಾಡಿದರಾಗದಾ ಅಣ್ಣಾ ಎಂದು ನಾನೂ ಕೇಳಿದೆ.

“ಆ ಹುಡ್ಗ ಬಾಯಿ ಬಿಟ್ಟು ಹೇಳಿದಾನೆ,” ಎಂದರು. “ಈಗ ಇದು ಲೆಕ್ಕಕ್ಕಿಲ್ಲ ಅಂದ್ರೆ ನಾಳೆಯಿಂದ ಅವ್ನೂ ಹೇಳೂದಿಲ್ಲ, ಮತ್ಯಾರೂ ಹೇಳೂದಿಲ್ಲ. ಹಾಕು.”

ಹಾಕಿದೆ. ಕಣ್ಣೀರು ಕಾಗದದ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ಮಾಡಿಕೊಂಡೇ ಹಾಕಿದೆ. ಈ ಮನುಷ್ಯ ನನ್ನ ಮಗಳನ್ನು ಯಾಕೆ ಅಳಿಸುತ್ತಿದ್ದಾನೆ ಎಂದು ಅಮ್ಮ ಒಳಗಿನಿಂದಲೇ ವಿಚಾರಿಸಿದಳು. ದೇವಿದಾಸಣ್ಣ ಶಾಯಿಯ ಮೇಲೆ ಉಫ್ ಎಂದು ಊದಿ, ಮಡಚಿ, ಅಂಗಿಯ ಒಳಜೇಬಿಗೆ ಸೇರಿಸಿದರು.

ರಸ್ತೆಯವರೆಗೆ ಜೊತೆಗೆ ಹೋದೆ. ಹೊನ್ನಾವರ, ಭಟ್ಕಳ ಎಂದು ಕೂಗುತ್ತಾ ಬಸ್ಸು ಬಂತು. ಅದೇ ದಾರಿಯ ಜಾಲಿಯಲ್ಲಿ ಅವರ ಮನೆಯವರು ಕಾಯುತ್ತಿದ್ದರು. ಬರುತ್ತೇನೆಂದು ಕಾರ್ಡು ಬರೆದಿದ್ದರಂತೆ. ಹತ್ತಿ ಅಣ್ಣಾ, ಮನೆಗೆ ಹೋಗಿ ಬನ್ನಿ, ಕಾಗದಕ್ಕೆ ಎಂತ ಅವಸರ ಎಂದೆ. ಅವರು ತಲೆ ಅಲ್ಲಾಡಿಸಿ ಆ ಬಸ್ಸನ್ನು ಬಿಟ್ಟರು. ರಸ್ತೆ ದಾಟಿ ಆಚೆ ಬದಿಗೆ ನಿಂತು, ಮುಂಬಯಿಯ ದಾರಿ ಹಿಡಿದು ಕುಮಟೆ ಕಡೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದರು.